ಮುತ್ತಿನೋಲೆಯ ಹುಡುಗಿ



ನಮ್ಮ ಓದುವ ಕೊಠಡಿಯ ಗೋಡೆಗೆ ಒಂದು ಪಟವನ್ನು ತಗುಲಿಹಾಕಿರುವೆವು. ಮೂಲಚಿತ್ರವಲ್ಲ, ಅಚ್ಚಿನ ಪ್ರತಿ. ಕಾಲೇಜು ಅಧ್ಯಾಪಕರ ಸಂಬಳಕ್ಕೆ ಎಟುಕುವುದು ಅಷ್ಟೇ. ಆಕಾಶವಾಣಿಯಲ್ಲಿ ಪಟವನ್ನು ಎತ್ತಿ ತೋರಿಸುವಂತಿಲ್ಲವಾದುದರಿಂದ ಮಾತಿನಿಂದಲೇ ಅದನ್ನು ತಮ್ಮ ಕಣ್ಣಮುಂದೆ ನಿಲ್ಲಿಸಲು ಯತ್ನಿಸುವೆವು. ಕಪ್ಪು ಹಿನ್ನೆಲೆ. ಅದರ ಮುಂದೆ ಒಬ್ಬ ಹುಡುಗಿ ಎಡಹೆಗಲಿನ ಮೇಲಿಂದ ಮುಖ ತಿರುಗಿಸಿ ನಮ್ಮನ್ನು ನೋಡುತ್ತಿರುವಳು. ತಲೆಗೆ ನೀಲಿಯ ವಸ್ತ್ರವನ್ನು ಸುತ್ತಿದೆ. ನೆತ್ತಿಯಿಂದ ಹಳದಿಯ ಸೆರಗೊಂದು ಬೆನ್ನಿಗೆ ಇಳಿದಿದೆ. ತುಟಿ ತುಸು ಬಿರಿದಿದೆ. ಏನನ್ನೋ ಹೇಳಲು ಹೊರಟು ತಡೆದಂತಿದೆ. ಕಿವಿಯಲ್ಲಿ ಒಂದು ದೊಡ್ಡ ಮುತ್ತಿನೋಲೆ. ಇಷ್ಟೇ ಚಿತ್ರ.

ನಮ್ಮ ಮನೆಗೆ ಕಸಗುಡಿಸಲು ಬರುವ ಹೆಂಗಸು ಒಂದು ದಿನ ಪೊರಕೆಯನ್ನು ಕೈಯಲ್ಲಿ ಹಿಡಿದು ಈ ಪಟದ ಮುಂದೆ ನಿಂತು, “ಇವಳ್ಯಾರು ಸ್ವಾಮಿ?” ಎಂದಳು. ನಾವು ಅಧ್ಯಾಪಕರಲ್ಲವೆ? ಪ್ರಶ್ನೆಯೊಂದು ಸಿಕ್ಕಿದರೆ ಸಾಕು, ಉಪನ್ಯಾಸವೇ ಹೊರಡುವುದು. ಹಾಲೆಂಡ್ ದೇಶದ ಡೆಲ್ಫ್ಟ್ ನಗರದಲ್ಲಿ ಯೊಹಾನೆಸ್ ವರ್ಮೀರ್ ಎಂಬ ಚಿತ್ರಕಾರನಿದ್ದನೆಂದೂ, ಅವನು ಬರೆದುದೆಂದೂ ಆರಂಭಿಸಿದೆವು. ಆಕೆ ನಡುವೆಯೇ ತಡೆದು, “ಬರೆದೋರಲ್ಲ ಸ್ವಾಮಿ, ಕೂತಿರೋಳು ಯಾರು ಅಂದೆ” ಎಂದಳು. ನಮ್ಮ ಉಪನ್ಯಾಸ ಅಲ್ಲಿಗೆ ನಿಂತಿತು. ಈ ಪ್ರಶ್ನೆಗೆ ಉತ್ತರವನ್ನು ನಾವೂ ಅರಿಯೆವು, ನಮಗಿಂತ ದೊಡ್ಡ ವಿದ್ವಾಂಸರೂ ಅರಿಯರು. ಇಂದಿನ ಭಾಷಣದ ವಿಷಯ ಈ ಹುಡುಗಿ. ಹಾಗೂ ಈಕೆಗೆ ಒಂದು ಹೆಸರನ್ನೂ ಒಂದು ಬಾಳನ್ನೂ ಕಲ್ಪಿಸಿಕೊಟ್ಟ ಒಂದು ಚಲಚ್ಚಿತ್ರ.

ಮೊದಲು ಇತಿಹಾಸವನ್ನು ನೋಡೋಣ. ವರ್ಮೀರನು ಹುಟ್ಟಿದುದು 1632ರಲ್ಲಿ, ಸತ್ತುದು 1675ರಲ್ಲಿ. ಬಾಳಿದುದು ನಲವತ್ತಮೂರು ವರ್ಷ. ಈಗ ಉಳಿದಿರುವ ಅವನ ಚಿತ್ರಗಳು ಮೂವತ್ತೈದು ಮೂವತ್ತೇಳಕ್ಕೆ ಮೀರವು. ನಾವು ಹೇಳುತ್ತಿರುವ ಚಿತ್ರವು ಸುಮಾರು 1665ರದು. ಉದ್ದ ನಲವತ್ತನಾಲ್ಕೂವರೆ ಸೆಂಟಿಮೀಟರು, ಅಗಲ ಮೂವತ್ತೊಂಬತ್ತು. ಮನೆಯ ಗೋಡೆಯ ಕನ್ನಡಿಯಷ್ಟು. 1881ರಲ್ಲಿ ಹೇಗ್ ನಗರದ ಹರಾಜಿನಲ್ಲಿ ಇದು ಎರಡು ಗಿಲ್ಡರು ಮೂವತ್ತು ಸೆಂಟಿಗೆ ಹೋಯಿತು. ಕೊಂಡ ಡೆ ಟೊಂಬ ಎಂಬುವರು 1902ರಲ್ಲಿ ತೀರಿಕೊಂಡಾಗ ಅದನ್ನು ಅದೇ ನಗರದ ಮೌರಿಟ್ಸ್‌ಹೌಸ್ ಚಿತ್ರಶಾಲೆಗೆ ಬಿಟ್ಟುಹೋದರು. ಇಂದು ಅದಕ್ಕೆ ಬೆಲೆ ಕಟ್ಟುವವರಿಲ್ಲ.

ಹುಡುಗಿಯ ಹೆಸರು ಏಕೆ ಉಳಿಯಲಿಲ್ಲ? ಅದಕ್ಕೂ ಒಂದು ಕಾರಣವುಂಟು. ಆ ಕಾಲದ ಹಾಲೆಂಡಿನಲ್ಲಿ ಮುಖಚಿತ್ರಗಳು ಎರಡು ಬಗೆ. ಹಣವಂತರು ತಮ್ಮ ರೂಪವನ್ನು ಹಣ ತೆತ್ತು ಬರೆಸಿಕೊಳ್ಳುತ್ತಿದ್ದುದು ಒಂದು ಬಗೆ. ಅಲ್ಲಿ ಕುಳಿತವರೇ ಯಜಮಾನರು, ಅವರ ಹೆಸರು ಉಳಿಯುವುದು ಸಹಜ. ಇನ್ನೊಂದು ಬಗೆಗೆ ಅವರು ‘ಟ್ರೋನಿ’ ಎನ್ನುತ್ತಿದ್ದರು. ಒಂದು ಮುಖಭಾವ, ಒಂದು ವಿಚಿತ್ರವಾದ ಉಡಿಗೆ, ಒಂದು ಬೆಳಕು—ಇವುಗಳಿಗಾಗಿ ಯಾರನ್ನೋ ಕೂರಿಸಿ ಬರೆದು ಮಾರುವ ಚಿತ್ರ ಅದು. ಕೊಳ್ಳುವವನಿಗೆ ಮುಖ ಬೇಕು, ಮುಖದ ಒಡತಿ ಬೇಡ. ನಮ್ಮ ಪಟದ ಹುಡುಗಿ ಈ ಎರಡನೆಯ ಬಗೆಯವಳು.

ಹೆಸರಿಲ್ಲದ ಕಡೆ ಕಥೆ ಹುಟ್ಟುವುದು ಲೋಕರೂಢಿ. 1999ರಲ್ಲಿ ಟ್ರೇಸಿ ಷೆವಲಿಯರ್ ಎಂಬ ಲೇಖಕಿಯು ಈ ಚಿತ್ರದ ಹೆಸರನ್ನೇ ಇಟ್ಟು ಒಂದು ಕಾದಂಬರಿಯನ್ನು ಬರೆದಳು. ಅದನ್ನು ಆಧರಿಸಿ 2003ರಲ್ಲಿ ಪೀಟರ್ ವೆಬ್ಬರ್ ಒಂದು ಚಲಚ್ಚಿತ್ರವನ್ನು ನಿರ್ದೇಶಿಸಿದನು. ಅದು ಅವನ ಮೊದಲನೆಯ ಕಥಾಚಿತ್ರ. ಹುಡುಗಿಯಾಗಿ ಸ್ಕಾರ್ಲೆಟ್ ಜೊಹಾನ್ಸನ್, ವರ್ಮೀರನಾಗಿ ಕಾಲಿನ್ ಫರ್ತ್ ಅಭಿನಯಿಸಿದರು. ಛಾಯಾಗ್ರಾಹಕನು ಪೋರ್ಚುಗಲ್ಲಿನ ಎಡ್ವಾರ್ಡೊ ಸೆರ್ರಾ. ಎಡಗಡೆಯ ಕಿಟಕಿಯಿಂದ ಬಂದು ಗೋಡೆಯ ಮೇಲೆ ಮೆಲ್ಲನೆ ಹರಡುವ ಬೆಳಕು ವರ್ಮೀರನ ಕುಂಚದ ಗುಟ್ಟಷ್ಟೆ. ಅದನ್ನೇ ಸೆರ್ರಾ ತೆರೆಯ ಮೇಲೆ ಹಿಡಿದಿರುವನು. ಅನೇಕ ದೃಶ್ಯಗಳಲ್ಲಿ ಮಾತೇ ಇಲ್ಲ; ಇಲ್ಲವೆಂಬುದು ನಮಗೆ ನೆನಪಾಗುವುದೂ ಇಲ್ಲ.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಹುಡುಗಿಯ ಹೆಸರು ಗ್ರೀಟ್. ತಂದೆ ಡೆಲ್ಫ್ಟ್ ನಗರದ ಹೆಂಚುಬಿಲ್ಲೆಗಳ ಮೇಲೆ ಚಿತ್ರ ಬರೆಯುತ್ತಿದ್ದವನು. ಕಣ್ಣು ಹೋಗಿ ಸಂಸಾರ ನೆಲಕಚ್ಚಿದೆ. ಮಗಳು ವರ್ಮೀರನ ಮನೆಗೆ ಕೆಲಸದವಳಾಗಿ ಬರುವಳು. ಆ ಮನೆಯಲ್ಲಿ ಮಕ್ಕಳ ಹಿಂಡು. ಬಸುರಿಯಾದ ಯಜಮಾನಿ ಕ್ಯಾಥರೀನಾ. ಲೆಕ್ಕದ ಪುಸ್ತಕವನ್ನೂ ಅಳಿಯನನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಿರುವ ಅತ್ತೆ ಮಾರಿಯಾ ಟಿನ್ಸ್. ಸಾಲ ಬಾಗಿಲಲ್ಲಿ ಕುಳಿತಿದೆ. ಚಿತ್ರಗಳನ್ನು ಕೊಳ್ಳುವ ಧನಿಕ ವಾನ್ ರೌವೆನ್ ಕೆಲಸದ ಹುಡುಗಿಯ ಮೇಲೆ ಕಣ್ಣಿಟ್ಟು, ಅವಳ ಚಿತ್ರವನ್ನು ಬರೆದುಕೊಡಬೇಕೆಂದು ಹಟ ಹಿಡಿಯುವನು. ವರ್ಮೀರನು ಅವಳನ್ನು ಗುಟ್ಟಾಗಿ ಕೂರಿಸಿ ಬರೆಯುವನು. ಓಲೆಗಳು ಹೆಂಡತಿಯವು; ಆಕೆ ಮನೆಯಲ್ಲಿಲ್ಲದಾಗ ಅವನ್ನು ತೆಗೆದುಕೊಡುವವಳು ಅತ್ತೆಯೇ. ಹುಡುಗಿಯ ಕಿವಿಯನ್ನು ಚುಚ್ಚುವವನು ವರ್ಮೀರನು. ಕೊನೆಗೆ ಹೆಂಡತಿಗೆ ಸುದ್ದಿ ತಿಳಿಯುವುದು; ಚಿತ್ರವನ್ನು ಹರಿದುಹಾಕಲು ಆಕೆ ಚೂರಿಯೆತ್ತುವಳು; ಹುಡುಗಿ ಮನೆ ಬಿಡುವಳು.

ಇಷ್ಟನ್ನೇ ಹೇಳಿದರೆ, ‘ಚಿತ್ರಕಾರನಿಗೂ ಕೆಲಸದವಳಿಗೂ ಪ್ರೇಮ, ಇನ್ನೇನು ಹೊಸತು?’ ಎಂದು ತಾವು ಕೇಳಬಹುದು. ಹೊಸತೊಂದು ಉಂಟು. ಅದಕ್ಕಾಗಿಯೇ ಈ ಚಲಚ್ಚಿತ್ರವನ್ನು ತಮ್ಮ ಮುಂದಿಡುತ್ತಿರುವೆವು.

ಪಾಶ್ಚಾತ್ಯರು ಇಂತಹ ಹೆಣ್ಣನ್ನು ‘ಮ್ಯೂಸ್’ ಎಂದು ಕರೆಯುವರು. ಗ್ರೀಕರ ಪುರಾಣದಲ್ಲಿ ಮ್ಯೂಸ್ ಎಂಬವರು ಒಂಬತ್ತು ಮಂದಿ ದೇವಿಯರು, ಕಲೆಗಳಿಗೂ ವಿದ್ಯೆಗಳಿಗೂ ಅಧಿದೇವತೆಗಳು. ನಮ್ಮ ಕವಿಗಳು ಸರಸ್ವತಿಯನ್ನು ಸ್ತುತಿಸಿದಂತೆ ಅವರ ಕವಿಗಳು ಈ ದೇವಿಯರನ್ನು ಕರೆಯುತ್ತಿದ್ದರು. ಕಾಲಕ್ರಮದಲ್ಲಿ ಆ ಬಿರುದು ಚಿತ್ರಕಾರನ ಮುಂದೆ ಕುಳಿತ ಮನುಷ್ಯಳಿಗೂ ಸಂದಿತು. ಬಿರುದು ದೊಡ್ಡದೇ, ಆದರೆ ಅದರಲ್ಲಿ ಒಂದು ಅನುಕೂಲವೂ ಅಡಗಿದೆ. ದೇವಿಗೆ ಕೂಲಿ ಕೊಡಬೇಕಾಗಿಲ್ಲ. ದೇವಿಗೆ ಹಸಿವಿಲ್ಲ, ಕುತ್ತಿಗೆ ನೋಯುವುದಿಲ್ಲ, ನಾಳೆ ಕೆಲಸ ಹೋದರೆ ಏನು ಗತಿಯೆಂಬ ಚಿಂತೆಯಿಲ್ಲ. ಪೂಜಿಸಿ ಕೈಬಿಡಲು ದೇವಿಯಷ್ಟು ಸುಲಭ ಮತ್ತಾರೂ ಇಲ್ಲ.

ಗ್ರೀಟ್ ದೇವಿಯಲ್ಲ. ಚಿತ್ರದ ಆರಂಭದಲ್ಲಿ ಆಕೆ ತರಕಾರಿ ಹೆಚ್ಚುತ್ತಿರುವಳು; ಬಣ್ಣಬಣ್ಣದ ಹೋಳುಗಳನ್ನು ತಟ್ಟೆಯಲ್ಲಿ ಜೋಡಿಸುವಳು. ಅಲ್ಲಿಯೇ ಆಕೆಯ ಕಣ್ಣು ಎಂತಹದೆಂಬುದು ನಮಗೆ ತಿಳಿಯುವುದು. ಮುಂದೆ ವರ್ಮೀರನ ಚಿತ್ರಶಾಲೆಯನ್ನು ಗುಡಿಸಲು ನೇಮಕವಾದಾಗ, ಕಿಟಕಿಯ ಗಾಜನ್ನು ತೊಳೆಯಬಹುದೇ ಎಂದು ಯಜಮಾನಿಯನ್ನು ಕೇಳುವಳು. ಅಂತಹ ಸಣ್ಣ ವಿಷಯವನ್ನೂ ತನ್ನನ್ನು ಕೇಳುವುದೇಕೆಂದು ಯಜಮಾನಿ ಗದರಿಕೊಳ್ಳುವಳು. ತೊಳೆದರೆ ಒಳಗಿನ ಬೆಳಕು ಬದಲಾದೀತೆಂದು ಹುಡುಗಿಯ ಸಮಾಧಾನ. ಮನೆಯಲ್ಲಿ ಬೆಳಕಿನ ಬೆಲೆಯನ್ನು ಬಲ್ಲವರು ಇಬ್ಬರೇ. ಒಬ್ಬನು ಕುಂಚ ಹಿಡಿದವನು, ಇನ್ನೊಬ್ಬಳು ಪೊರಕೆ ಹಿಡಿದವಳು.

ಇನ್ನೊಂದು ದೃಶ್ಯ. ಮೋಡಗಳ ಬಣ್ಣ ಯಾವುದೆಂದು ವರ್ಮೀರನು ಕೇಳುವನು. ಬಿಳಿ ಎಂದು ಮೊದಲು ಬಾಯಿಗೆ ಬರುವುದು, ಆಮೇಲೆ ನೋಡುವಳು, ಹಳದಿಯನ್ನೂ ನೀಲಿಯನ್ನೂ ಬೂದಿಯನ್ನೂ ಒಂದೊಂದಾಗಿ ಕಾಣುವಳು. ಬಾಯಿಪಾಠವನ್ನು ಬಿಟ್ಟು ಕಣ್ಣಿನಿಂದ ನೋಡುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ತರಗತಿಯನ್ನು ನಾವು ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ಒಂದು ದಿನವೂ ನಡೆಸಿದ್ದಿಲ್ಲ. ಮತ್ತೊಂದು ದೃಶ್ಯದಲ್ಲಿ, ಬರೆಯುತ್ತಿರುವ ಚಿತ್ರದ ಸಲುವಾಗಿ ಇಟ್ಟಿದ್ದ ಕುರ್ಚಿಯೊಂದನ್ನು ಹುಡುಗಿ ತಾನಾಗಿಯೇ ಸರಿಸಿಬಿಡುವಳು. ವರ್ಮೀರನು ನೋಡುವನು, ಚಿತ್ರದಿಂದಲೂ ಕುರ್ಚಿಯನ್ನು ಅಳಿಸುವನು. ಏಕೆ ಸರಿಸಿದೆಯೆಂದು ಕೇಳಿದಾಗ, ಚಿತ್ರದೊಳಗಿನ ಹೆಂಗಸು ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳೆಂದು ಹುಡುಗಿ ಹೇಳುವಳು. ಯಾರ ವಿಷಯವನ್ನು ಹೇಳಿದಳೆಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಬಣ್ಣ ಅರೆಯುವ ಕೆಲಸವೂ ಆಕೆಯ ಮೇಲೆ ಬೀಳುವುದು. ಅರೆಯುವುದೆಂದರೆ ಹುಡುಗಾಟವಲ್ಲ. ನಮ್ಮ ಹಿಂದಿನವರು ರಾಜಾವರ್ತವೆಂದು ಕರೆಯುತ್ತಿದ್ದ ನೀಲಿಯ ಕಲ್ಲು ಅಫಘಾನಿಸ್ಥಾನದಿಂದ ಯುರೋಪಿಗೆ ಹೋಗುತ್ತಿತ್ತು. ಅದನ್ನು ಕುಟ್ಟಿ, ತೊಳೆದು, ಅರೆದು ತೆಗೆದ ನೀಲಿಯು ಅತ್ಯಂತ ದುಬಾರಿಯ ಬಣ್ಣ. ವರ್ಮೀರನು ಈ ಹುಡುಗಿಯ ತಲೆವಸ್ತ್ರಕ್ಕೆ ಬಳಸಿದುದು ಅದೇ ನೀಲಿ. ಇದನ್ನು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ಹೇಳಿರುವರು. ಚಲಚ್ಚಿತ್ರದ ಹುಡುಗಿ ಹಗಲು ಬಟ್ಟೆ ಒಗೆದು, ಪಾತ್ರೆ ತಿಕ್ಕಿ, ಮಿಕ್ಕ ಹೊತ್ತಿನಲ್ಲಿ ಕದ್ದುಮುಚ್ಚಿ ಬಣ್ಣ ಅರೆಯುವಳು. ಇದು ಈ ಕೃತಿಯ ಹಿರಿಮೆ. ಚಿತ್ರದ ಹಿಂದೆ ಇರುವುದು ಬರಿಯ ಸೌಂದರ್ಯವಲ್ಲ, ದುಡಿಮೆ. ಕುಳಿತವಳು ನೋಟಕ್ಕೆ ವಸ್ತು ಮಾತ್ರವಲ್ಲ, ಆಕೆಗೂ ನೋಟವುಂಟು. ಇದನ್ನು ಉಪದೇಶವಿಲ್ಲದೆ ಕಾಣಿಸಿರುವರು.

ನಮ್ಮ ಸಾಹಿತ್ಯವನ್ನು ಬಲ್ಲವರಿಗೆ ಇಲ್ಲಿ ಕಾಳಿದಾಸನ ಮಾಲವಿಕಾಗ್ನಿಮಿತ್ರ ನೆನಪಾಗದಿರದು. ರಾಣಿ ಧಾರಿಣಿಯು ಚಿತ್ರಶಾಲೆಯಲ್ಲಿ ಹೊಸದಾಗಿ ಬರೆದ ಚಿತ್ರವನ್ನು ನೋಡುತ್ತಿರುವಾಗ ರಾಜನು ಬರುವನು. ಚಿತ್ರದಲ್ಲಿ ರಾಣಿಯ ಪರಿವಾರದ ನಡುವೆ ಒಬ್ಬ ಹುಡುಗಿಯನ್ನು ಕಂಡು, ಇವಳ ಹೆಸರೇನೆಂದು ಕೇಳುವನು. ರಾಣಿ ಬಾಯಿ ಬಿಡಳು. ಪಕ್ಕದಲ್ಲಿದ್ದ ಮಗು ವಸುಲಕ್ಷ್ಮಿಯು ಮಾಲವಿಕೆ ಎಂದು ಹೇಳಿಬಿಡುವುದು. ಅಲ್ಲಿಂದ ನಾಟಕವೆಲ್ಲ ಹೊರಡುವುದು. ಅಲ್ಲಿಯೂ ಚಿತ್ರ, ಅಲ್ಲಿಯೂ ಪರಿಚಾರಿಕೆ, ಅಲ್ಲಿಯೂ ಮನೆಯೊಡತಿಯ ಕೋಪ. ಮಾಲವಿಕೆ ನೆಲಮಾಳಿಗೆಯ ಸೆರೆಯನ್ನೂ ಕಾಣುವಳು. ಆದರೆ ಕಡೆಗೆ ಆಕೆ ವಿದರ್ಭದ ರಾಜಕುಮಾರಿಯೆಂದು ಹೊರಬೀಳುವುದು. ರಾಣಿಯೇ ಕೈಹಿಡಿದು ಒಪ್ಪಿಸುವಳು. ಕೆಲಸದವಳು ರಾಜಪುತ್ರಿಯಾದ ಕೂಡಲೇ ಎಲ್ಲ ತೊಡಕೂ ಬಿಡಿಸಿಕೊಂಡಿತು. ಗ್ರೀಟಳಿಗೆ ಆ ಭಾಗ್ಯವಿಲ್ಲ. ಆಕೆ ಕುರುಡು ತಂದೆಯ ಮಗಳಾಗಿ ಬಂದಳು, ಹಾಗೆಯೇ ಹೊರಟಳು. ಆಕೆಯ ಬೆಲೆಯನ್ನು ಒಪ್ಪಬೇಕಾದರೆ ಕೆಲಸದವಳೆಂದೇ ಒಪ್ಪಬೇಕು. ನಾಟಕದ ಸುಖ ಮಾಲವಿಕೆಯಲ್ಲಿ ಹೆಚ್ಚು. ನ್ಯಾಯದ ಪ್ರಶ್ನೆ ಗ್ರೀಟಳಲ್ಲಿ ಹರಿತ.

ಇಷ್ಟು ಮೆಚ್ಚಿದ ಮೇಲೆ ನಮ್ಮ ಆಕ್ಷೇಪಣೆಯನ್ನೂ ಹೇಳಿಬಿಡಬೇಕು. ಈ ಕಥೆಯಲ್ಲಿ ಹೆಂಡತಿಗೆ ಸಂದುದೇನು? ತನ್ನನ್ನೇಕೆ ಬರೆಯಲಿಲ್ಲವೆಂದು ಕ್ಯಾಥರೀನಾ ಕೇಳುವಳು. ನಿನಗೆ ಅರ್ಥವಾಗದು ಎಂಬ ಭಾವದ ಉತ್ತರ ಗಂಡನಿಂದ ಬರುವುದು. ಆಕೆ ಒಡವೆಯ ಮೋಹದವಳು, ಸಿಡುಕಿನವಳು, ಕಲೆಯ ಗಂಧವಿಲ್ಲದವಳು. ಚಲಚ್ಚಿತ್ರದಲ್ಲಿ ಆಕೆಯ ಪಾಲಿಗೆ ಬಂದುದು ಇಷ್ಟು. ಗ್ರೀಟ್ ಕಲ್ಪನೆಯ ಹುಡುಗಿ. ಆಕೆಯನ್ನು ಹೇಗೆ ಬೇಕಾದರೂ ರೂಪಿಸಬಹುದು. ಕ್ಯಾಥರೀನಾ ಬೋಲ್ನೆಸ್ ನಿಜವಾಗಿ ಬಾಳಿದ ಹೆಂಗಸು. ಆಕೆಯ ವಿಷಯದಲ್ಲಿ ಕಾಗದಪತ್ರಗಳು ಮಾತನಾಡುವುವು. ಅವು ಹೇಳುವುದೇನೆಂದು ಕೇಳೋಣ.

1653ರಲ್ಲಿ ಮದುವೆ. ಹೆತ್ತುದು ಹದಿನೈದು ಮಕ್ಕಳನ್ನು; ಬದುಕಿ ಉಳಿದುವು ಹನ್ನೊಂದು. 1672ರಲ್ಲಿ ಫ್ರಾನ್ಸಿನ ಸೈನ್ಯ ಹಾಲೆಂಡಿನ ಮೇಲೆ ಬಿದ್ದಿತು. ಚಿತ್ರಗಳನ್ನು ಕೇಳುವವರೇ ಇಲ್ಲವಾದರು. ವರ್ಮೀರನು ಚಿತ್ರಕಾರನಲ್ಲದೆ ಇತರರ ಚಿತ್ರಗಳ ವ್ಯಾಪಾರಿಯೂ ಆಗಿದ್ದುದರಿಂದ ಎರಡು ಕಡೆಯೂ ಪೆಟ್ಟು. ಮಕ್ಕಳ ಹೊರೆ, ಯುದ್ಧದ ನಷ್ಟ. ಇವುಗಳ ಚಿಂತೆಯಲ್ಲಿ ಒಂದೂವರೆ ದಿನದೊಳಗೆ ಆರೋಗ್ಯವಂತನು ಹೆಣವಾದನೆಂದು ವಿಧವೆಯು ಆಮೇಲೆ ಅಧಿಕಾರಿಗಳಿಗೆ ನಿವೇದಿಸಿಕೊಂಡಳು. ರೊಟ್ಟಿಯಂಗಡಿಯವನ ಬಾಕಿ 617 ಗಿಲ್ಡರು. ಅದಕ್ಕಾಗಿ ಎರಡು ಚಿತ್ರಗಳನ್ನು ಕೊಟ್ಟಳು. ಮಕ್ಕಳ ರೊಟ್ಟಿಗೆ ವರ್ಮೀರನ ಚಿತ್ರಗಳು ಹೋದುವು!

ಆದರೆ ಒಂದು ಚಿತ್ರವನ್ನು ಮಾತ್ರ ಬಿಡಲು ಆಕೆಗೆ ಮನಸ್ಸು ಬರಲಿಲ್ಲ. 1676ರ ಫೆಬ್ರವರಿಯಲ್ಲಿ, ಸಾಲಗಾರರ ಕೈಗೆ ಸಿಕ್ಕದಂತೆ ಅದನ್ನು ತನ್ನ ತಾಯಿಯ ಹೆಸರಿಗೆ ಬರೆದುಕೊಟ್ಟಳು. ಆ ಚಿತ್ರದ ಹೆಸರು ‘ಚಿತ್ರಕಲೆ’; ಈಗ ವಿಯೆನ್ನಾ ನಗರದಲ್ಲಿರುವುದು. ಅದರಲ್ಲಿ ಏನಿದೆ? ಒಬ್ಬ ಚಿತ್ರಕಾರನು ನಮಗೆ ಬೆನ್ನು ಹಾಕಿ ಕುಳಿತು ಬರೆಯುತ್ತಿರುವನು; ಅವನ ಮುಂದೆ ಒಬ್ಬ ಹುಡುಗಿ ಎಲೆಗಳ ಕಿರೀಟವನ್ನು ಧರಿಸಿ, ಕಹಳೆಯನ್ನೂ ಪುಸ್ತಕವನ್ನೂ ಹಿಡಿದು ನಿಂತಿರುವಳು. ಈ ವೇಷ ಕ್ಲಿಯೊ ಎಂಬ ಇತಿಹಾಸದೇವಿಯದು. ಅಂದರೆ ಒಂಬತ್ತು ಮ್ಯೂಸ್‌ಗಳಲ್ಲಿ ಒಬ್ಬಳದು. ಚಿತ್ರಕಾರನನ್ನೂ ಅವನ ಸ್ಫೂರ್ತಿದೇವಿಯನ್ನೂ ಒಂದೇ ಬಟ್ಟೆಯ ಮೇಲೆ ವರ್ಮೀರನು ಬರೆದ ಚಿತ್ರವನ್ನು, ಹನ್ನೊಂದು ಮಕ್ಕಳ ತಾಯಿ, ಹಸಿವಿನ ನಡುವೆ, ಉಳಿಸಿಕೊಳ್ಳಲು ಹೆಣಗಿದಳು. ಅದು ಗಂಡನ ಮೇಲಿನ ಅಭಿಮಾನವೋ, ಚಿತ್ರದ ಬೆಲೆಯ ಅರಿವೋ, ಎರಡೂ ಕೂಡಿಯೋ, ನಾವು ತೀರ್ಮಾನಿಸೆವು. ಆದರೆ ಇಂತಹವಳನ್ನು ಅರ್ಥವಾಗದವಳೆಂದು ತೆರೆಯ ಮೇಲೆ ನಿಲ್ಲಿಸುವುದು ಹೇಗೆ ನ್ಯಾಯವಾದೀತು? ಹೆಸರಿಲ್ಲದವಳ ಋಣವನ್ನು ತೀರಿಸಲು, ಹೆಸರಿದ್ದವಳ ಮನೆಯಿಂದ ಕೇಳದೆ ಕೈಗಡ ತಂದಂತಾಯಿತು. ವಾನ್ ರೌವೆನ್ನನ ಮೇಲೆ ಹೊರಿಸಿರುವ ದುಶ್ಶೀಲಕ್ಕೂ ದಾಖಲೆಯ ಆಧಾರವಿಲ್ಲ. ವರ್ಮೀರನ ಚಿತ್ರಗಳನ್ನು ಅವನ ಮನೆತನವು ಕೊಂಡು ಕಾಪಾಡಿತು. ಅವನ ಅಳಿಯನ ಸಂಗ್ರಹದಿಂದ 1696ರಲ್ಲಿ ಇಪ್ಪತ್ತೊಂದು ಚಿತ್ರಗಳು ಹರಾಜಿಗೆ ಬಂದುವು.

ಕಥೆಗಾರನಿಗೆ ಕಲ್ಪಿಸುವ ಹಕ್ಕಿಲ್ಲವೆಂದು ನಾವು ಹೇಳುತ್ತಿಲ್ಲ. ದುಷ್ಯಂತನಿಗೆ ದೂರ್ವಾಸರ ಶಾಪವನ್ನು ತಂದವನು ಕಾಳಿದಾಸನೇ. ಆದರೆ ಆ ಕಲ್ಪನೆಯು ಯಾರ ಘನತೆಯನ್ನು ಕಾಯಲು ಬಂದಿತು, ಯಾರ ಘನತೆಯನ್ನು ತೆತ್ತು ಬಂದಿತು ಎಂಬ ಲೆಕ್ಕವನ್ನು ಪ್ರೇಕ್ಷಕರು ಇಡಬೇಕು.

ಕಾದಂಬರಿಯ ಮುಕ್ತಾಯಕ್ಕೂ ಚಲಚ್ಚಿತ್ರದ ಮುಕ್ತಾಯಕ್ಕೂ ಒಂದು ವ್ಯತ್ಯಾಸವಿದೆ. ಚಲಚ್ಚಿತ್ರದಲ್ಲಿ, ಹುಡುಗಿ ಮನೆ ಬಿಟ್ಟ ಬಳಿಕ ಒಂದು ಪೊಟ್ಟಣ ಆಕೆಯ ಕೈಸೇರುವುದು. ಬಿಚ್ಚಿದರೆ ತಲೆಗೆ ಸುತ್ತಿದ್ದ ವಸ್ತ್ರ, ಅದರೊಳಗೆ ಮುತ್ತಿನೋಲೆಗಳು. ಕೂಡಲೇ ತೆರೆಯ ಮೇಲೆ ನಿಜವಾದ ಚಿತ್ರದ ಮುತ್ತು. ನಮ್ಮ ದೃಷ್ಟಿ ಮೆಲ್ಲಮೆಲ್ಲನೆ ಹಿಂದೆ ಸರಿದು ಮುಖವೆಲ್ಲ ಕಾಣುವುದು. ಕಣ್ಣಿಗೆ ಹಬ್ಬ. ಕಾದಂಬರಿಯಲ್ಲಿ ಓಲೆಗಳು ಬರುವುದು ಹತ್ತು ವರ್ಷದ ಮೇಲೆ, ವರ್ಮೀರನು ಸತ್ತ ಬಳಿಕ. ಆಗ ಗ್ರೀಟ್ ಕಟುಕನೊಬ್ಬನ ಹೆಂಡತಿ. ಆಕೆ ಓಲೆಗಳನ್ನು ಇಪ್ಪತ್ತು ಗಿಲ್ಡರಿಗೆ ಮಾರಿ, ವರ್ಮೀರನ ಮನೆಯವರು ಮಾಂಸದಂಗಡಿಗೆ ಉಳಿಸಿಕೊಂಡಿದ್ದ ಹದಿನೈದು ಗಿಲ್ಡರಿನ ಬಾಕಿಗೆ ಜಮಾ ಮಾಡಿ, ಐದನ್ನು ಬಚ್ಚಿಡುವಳು. ಕಣ್ಣಿಗೆ ಇದು ಅಷ್ಟು ಸುಂದರವಲ್ಲ. ಆದರೂ ನಮಗೆ ಇದೇ ಹೆಚ್ಚು ಹಿಡಿಸಿತು. ದೇವಿಯು ಓಲೆಯನ್ನು ಮಾರಳು. ಸಂಸಾರ ನಡೆಸುವವಳು ಮಾರುವಳು.

ಇನ್ನು ಆ ಮುತ್ತಿನ ವಿಷಯ. 2018ರಲ್ಲಿ ಮೌರಿಟ್ಸ್‌ಹೌಸಿನಲ್ಲಿ, ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ, ಯಂತ್ರಗಳಿಂದ ಈ ಚಿತ್ರವನ್ನು ಪದರಪದರವಾಗಿ ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಈಗ ಕಪ್ಪಾಗಿ ಕಾಣುವ ಹಿನ್ನೆಲೆಯು ಮೊದಲು ಮಡಿಕೆಮಡಿಕೆಯಾದ ಹಸುರು ಪರದೆಯಾಗಿತ್ತೆಂದು ತಿಳಿಯಿತು. ಕಣ್ಣಿಗೆ ಸಣ್ಣ ರೆಪ್ಪೆಗೂದಲುಗಳಿದ್ದುವು. ಮುತ್ತು ಮಾತ್ರ ಕೆಲವು ಬಿಳಿಯ ಬಣ್ಣದ ಸ್ಪರ್ಶಗಳಷ್ಟೇ. ಅದಕ್ಕೆ ಕೊಂಡಿಯಿಲ್ಲ, ಕಿವಿಯಿಂದ ಅದು ತೂಗುತ್ತಲೇ ಇಲ್ಲ. ಇಷ್ಟೆಲ್ಲ ಕಂಡ ಯಂತ್ರಗಳಿಗೂ ಹುಡುಗಿಯ ಹೆಸರು ಮಾತ್ರ ಕಾಣಲಿಲ್ಲ.

ಶ್ರೋತೃಗಳಲ್ಲಿ ಅನೇಕರು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡಿರಬಹುದು. ಕೈಯನ್ನು ಮರೆಮಾಡಿ ಹಿಡಿದ ದೀಪದ ಬೆಳಕು ಬೆರಳುಗಳ ಸಂದಿನಿಂದ ತೂರಿ ಮುಖವನ್ನು ಬೆಳಗುವುದು. ಅದು ರವಿವರ್ಮನದೆಂದು ಬಹುಕಾಲ ಜನ ನಂಬಿದ್ದರು. ಈಗಲೂ ಹಾಗೆ ಹೇಳುವವರುಂಟು. ಅದು ಎಸ್. ಎಲ್. ಹಲ್ದಂಕರ್ ಅವರ ಜಲವರ್ಣದ ಕೃತಿ, ಸುಮಾರು 1945-46ರದು. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು; ಗಂಟೆಗಟ್ಟಲೆ ಅಲುಗದೆ ನಿಂತಿದ್ದಳಂತೆ. ಆಕೆ ನೂರು ವರ್ಷ ದಾಟಿ ಬಾಳಿ, 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡಳು. ಅಲ್ಲಿ ಬರೆದವನ ಹೆಸರು ಉಳಿದು ಕುಳಿತವಳ ಹೆಸರು ಹೋಯಿತು. ಇಲ್ಲಿ ನಿಂತವಳು ಯಾರೆಂಬುದು ತಿಳಿದಿದ್ದರೂ ಬರೆದವನ ಹೆಸರನ್ನೇ ತಪ್ಪಾಗಿ ಹೇಳಿದೆವು. ಎರಡೂ ನೋಡುವವರ ಅಸಡ್ಡೆಯೇ. ಮುಂದೆ ತಾವು ಆ ಚಿತ್ರಶಾಲೆಗೆ ಹೋದಾಗ ದೀಪದ ಮುಂದೆ ಇಬ್ಬರನ್ನೂ ನೆನೆಯಬೇಕೆಂದು ನಮ್ಮ ಬಿನ್ನಹ.

ನಮ್ಮ ಮನೆಯ ಹೆಂಗಸಿಗೆ ಮಾರನೆಯ ದಿನ ನಿಜವನ್ನೇ ಹೇಳಿದೆವು. ಆ ಹುಡುಗಿಯ ಹೆಸರು ಯಾರಿಗೂ ತಿಳಿಯದು ಎಂದೆವು. ಆಕೆ ಪಟವನ್ನು ಒರಸುತ್ತ, “ಹೆಸರಿಲ್ದೆ ಇರ್ತಾಳಾ ಸ್ವಾಮಿ? ಯಾರೂ ಕೇಳಿರಾಕಿಲ್ಲ” ಎಂದಳು. ವರ್ಮೀರನ ವಿಷಯದಲ್ಲಿ ನಾವು ಓದಿದ ಪುಸ್ತಕಗಳಲ್ಲಿ ಇಷ್ಟು ನೇರವಾದ ಮಾತು ನಮಗೆ ಸಿಕ್ಕಿರಲಿಲ್ಲ. ಆರು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದ ಆಕೆಯ ಹೆಸರನ್ನು ನಾವು ಕೇಳಿದುದೂ ಆ ದಿನವೇ.